ನಾಗಮ್ಮನ ಅಂಗಾಲು

ಪಿಂಪಳಗಾಂವ್ ಬಸವಂತದಲ್ಲಿ ದ್ರಾಕ್ಷಿಯ ಸುಗ್ಗಿ ಮುಗಿಯುತ್ತ ಬಂದಿತ್ತು. ವಿಶ್ವನಾಥಪ್ಪನವರು ಅಂಗಡಿಯ ಗಾದಿಯ ಮೇಲೆ ಕುಳಿತು, ಮಾರಾಟವಾಗದೆ ಉಳಿದ ರಟ್ಟಿನ ಪೆಟ್ಟಿಗೆಗಳನ್ನು ಒಳಗೆ ಇಡಿಸುತ್ತಿದ್ದರು. ಬೀದರ ಜಿಲ್ಲೆಯ ಭಾಲ್ಕಿಯಿಂದ ಹರೆಯದಲ್ಲಿ ಬಂದು, ದ್ರಾಕ್ಷಿ ತುಂಬುವ ಪೆಟ್ಟಿಗೆಗಳ ವ್ಯಾಪಾರದಲ್ಲಿಯೇ ತಲೆ ಬೆಳ್ಳಗೆ ಮಾಡಿಕೊಂಡವರು ಅವರು. ಮನೆ ನಾಸಿಕದಲ್ಲಿ. ದಿನವೂ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಬಸ್ಸು ಹಿಡಿದು ಅಂಗಡಿಗೆ ಬರುವುದು ಪದ್ಧತಿ. ಅಂದೂ ಹಾಗೆಯೇ ಬಂದಿದ್ದರು. ತರಿಸಿದ ಚಹಾ ಇನ್ನೂ ಆರಿರಲಿಲ್ಲ, ಛತ್ರಪತಿ ಸಂಭಾಜಿನಗರದಿಂದ ಅಲ್ಲಿಯ ಬಂಧು ಸೋಮಲಿಂಗನ ಫೋನು ಬಂತು.

"ಅಣ್ಣಾರ, ಎಲ್ಲಿದ್ದೀರಿ? ಕುಂತೀರೇನ್ರಿ?"

"ಕುಂತೀನಿ. ಯಾಕೋ, ದನಿ ಹಿಂಗ್ಯಾಕ ಅದ?"

"ರೇವಣಪ್ಪ... ನಮ್ಮ ರೇವಣಪ್ಪ ಲಿಂಗೈಕ್ಯ ಆದನ್ರಿ."

ರೇವಣಪ್ಪ ವಿಶ್ವನಾಥಪ್ಪನವರ ಒಬ್ಬನೇ ತಮ್ಮ. ತಂದೆ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅವನನ್ನು ಸಾಕಿ, ಓದಿಸಿ, ಮದುವೆ ಮಾಡಿದವರು ಅಣ್ಣನೇ. ಶೇಂದ್ರಾದ ಕಾರ್ಖಾನೆಯೊಂದರ ಉಗ್ರಾಣದಿಂದ ನಿವೃತ್ತನಾದ ಮೇಲೆ ಅವನು ಹೆಂಡತಿ ನಾಗಮ್ಮನೊಡನೆ ಸಂಭಾಜಿನಗರದಲ್ಲಿಯೇ ನೆಲೆಸಿದ್ದ. ಒಬ್ಬಳೇ ಮಗಳು ಮಂಜುಶ್ರೀ ಕಲಬುರಗಿಯಲ್ಲಿ ಗಂಡನ ಮನೆಯಲ್ಲಿದ್ದಳು.

"ಹ್ಯಾಂಗೋ? ನಿನ್ನೆರ ನಗಕೋತ ಮಾತಾಡ್ಯಾನಲ್ಲೋ!"

"ಮುಂಜಾನಿ ವ್ಯಾಯಾಮಕ್ಕ ಹೋಗಿದ್ದನ್ರಿ, ನಮ್ಮ ಮಂಟಪದಾಗ. ಅಲ್ಲೇ ಎದಿ ಹಿಡ್ಕೊಂಡ. ದವಾಖಾನಿ ಮುಟ್ಟೂದ್ರೊಳಗ..."

ಮುಂದಿನ ಮಾತು ವಿಶ್ವನಾಥಪ್ಪನವರಿಗೆ ಕೇಳಿಸಲಿಲ್ಲ. ವ್ಯಾಯಾಮ ಎಂಬ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಮಗ ಓಂಕಾರ ಅಂಬಡದ ಕಾರ್ಖಾನೆಯಿಂದ ಅರ್ಧ ದಿನದ ರಜೆ ಹಾಕಿ ಕಾರು ತಂದ. ದಾರಿಯುದ್ದಕ್ಕೂ ಅವರು ಶಿವನಾಮ ನುಡಿಯುತ್ತಿದ್ದರು. ನಡುನಡುವೆ ನಾಮ ನಿಂತು, "ವ್ಯಾಯಾಮಂತ! ಈ ವಯಸ್ಸಿನಾಗ ವ್ಯಾಯಾಮಂತ!" ಎಂಬ ಮಾತು ಹೊರಬೀಳುತ್ತಿತ್ತು.

ಸಂಭಾಜಿನಗರದಲ್ಲಿ ಕನ್ನಡದ ಬಂಧುಗಳು ಬಸವಣ್ಣನ ಗುಡಿಯ ಹಿಂದೆ ಒಂದು ಸಣ್ಣ ಮಂಟಪ ಕಟ್ಟಿಸಿಕೊಂಡಿದ್ದರು. ನಾಸಿಕದಲ್ಲಿದ್ದರೂ ಅದರ ವಿಶ್ವಸ್ತರಲ್ಲಿ ಹಿರಿಯರು ವಿಶ್ವನಾಥಪ್ಪನವರೇ. ಒಂದು ವರ್ಷದಿಂದ ಆ ಮಂಟಪದಲ್ಲಿ ವಯಸ್ಸಾದವರಿಗಾಗಿ ಒಂದು ಕಾರ್ಯಕ್ರಮ ನಡೆದಿತ್ತು. ಬೆಳಿಗ್ಗೆ ಕೈಕಾಲು ಆಡಿಸುವ ವ್ಯಾಯಾಮ, ಗುಡಿಯ ಸುತ್ತ ನಡಿಗೆ, ಆಮೇಲೆ ಮೊಳಕೆ ಕಾಳು, ಜೋಳದ ರೊಟ್ಟಿ, ಸೊಪ್ಪಿನ ಪಲ್ಯದ ಉಪಾಹಾರ. ತಿಂಗಳಿಗೊಮ್ಮೆ ನರ್ಸು ಬಂದು ಸಕ್ಕರೆ, ರಕ್ತದೊತ್ತಡ ನೋಡುತ್ತಿದ್ದಳು. ನಡೆಸುತ್ತಿದ್ದವರು ಅಲಕಾ ಎಂಬ ನಿವೃತ್ತ ದೈಹಿಕ ಶಿಕ್ಷಕಿ. ಅವರ ಗಂಡ ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ಬಂದಿದ್ದರು. ಆ ದಂಪತಿಗಳು ಇಲ್ಲಿಯವರೇ ಆಗಿಬಿಟ್ಟಿದ್ದರು. ರೇವಣಪ್ಪ, ನಾಗಮ್ಮ ಇಬ್ಬರಿಗೂ ಸಕ್ಕರೆ ಕಾಯಿಲೆ. ಇಬ್ಬರೂ ತಪ್ಪದೆ ಹೋಗುತ್ತಿದ್ದರು. "ಅಣ್ಣಾ, ನೀನೂ ನಾಸಿಕದಾಗ ಇಂಥಾದ್ದು ಚಾಲೂ ಮಾಡು" ಎಂದು ರೇವಣಪ್ಪ ಫೋನಿನಲ್ಲಿ ಹೇಳಿದಾಗಲೆಲ್ಲ ವಿಶ್ವನಾಥಪ್ಪನವರು ನಕ್ಕು ಬಿಡುತ್ತಿದ್ದರು.

ಈಗ ತಮ್ಮನನ್ನು ಹೂವು ವಿಭೂತಿಯಿಂದ ಅಲಂಕರಿಸಿ ಗೋಡೆಗೆ ಆನಿಸಿ ಕೂರಿಸಿದ್ದರು. ಅಣ್ಣ ಅವನ ಮೊಣಕಾಲ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತರು. ಆ ಹೊತ್ತಿಗೆ ಅಲಕಾ ಹತ್ತಿರ ಬಂದು ನಿಂತರು.

"ರೀ ಹಿರ್ಯಾರ, ನಿಮಗ ಒಂದು ಮಾತು ಹೇಳಬೇಕಿತ್ತು."

ವಿಶ್ವನಾಥಪ್ಪನವರು ತಲೆ ಎತ್ತಿದರು. "ನೀವೇನ್ರಿ ಆ ಕುಣಿಸೂ ಬಾಯಿ? ಏನು ಹೇಳ್ತೀರಿ? ಮೊಮ್ಮಕ್ಕಳನ್ನ ಆಡಿಸೂ ವಯಸ್ಸಿನಾಗ ಅವನ್ನ ಕುಣಿಸಿ ಕುಣಿಸಿ ಕೊಂದ್ರಿ. ಇದು ಕೊಲಿ ಅದ, ಕೊಲಿ!"

"ಹಂಗಲ್ರಿ. ಅವರು ಇವತ್ತು ಮುಂಜಾನಿ..."

"ಬ್ಯಾಡ. ನಿಮ್ಮ ದನಿ ಕೇಳಬಾರದು ನಾನು."

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಲಕಾ ನಾಗಮ್ಮನ ಕಡೆ ನೋಡಿದರು. ನಾಗಮ್ಮ ತುಟಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಸಮಾಧಿ ಮುಗಿಸಿ ಬಂದ ಸಂಜೆಯೇ ವಿಶ್ವನಾಥಪ್ಪನವರು ಸೋಮಲಿಂಗನಿಗೆ ಹೇಳಿದರು: "ಮಂಟಪದಾಗ ಇನ್ನ ಅದು ನಡೀಬಾರದು." ಸೋಮಲಿಂಗ ಮಂಟಪದ ಸಮಿತಿಯ ಕಾರ್ಯದರ್ಶಿ. ಹಿರಿಯರ ದುಃಖದ ಮುಂದೆ ಎದುರಾಡಲು ಅವನಿಗೆ ಬಾಯಿ ಬರಲಿಲ್ಲ. ಮರುದಿನದಿಂದ ಮಂಟಪದ ಬೆಳಗಿನ ಕೂಟ ಬಂದ್ ಆಯಿತು.

ನಾಗಮ್ಮನನ್ನು ಅವರು ತಮ್ಮೊಡನೆ ನಾಸಿಕಕ್ಕೆ ಕರೆದುಕೊಂಡು ಹೋದರು. ಒಬ್ಬಳನ್ನೇ ಬಿಡಬಾರದು, ತಮ್ಮ ಬಿಟ್ಟುಹೋದ ಜೀವವನ್ನು ಕಣ್ಣೆದುರಿಗೆ ಇಟ್ಟುಕೊಂಡು ಕಾಯಬೇಕು ಎಂಬುದು ಅವರ ಆಸೆ. ಆ ಆಸೆಯಲ್ಲಿ ಕಪಟವಿರಲಿಲ್ಲ. ಹೊರಡುವಾಗ ನಾಗಮ್ಮ ವ್ಯಾಯಾಮಕ್ಕೆ ಹಾಕಿಕೊಳ್ಳುತ್ತಿದ್ದ ಮೆತ್ತನೆಯ ಬೂಟುಗಳನ್ನು ಚೀಲಕ್ಕೆ ಹಾಕಲು ಹೋದಳು. ನೆರೆದಿದ್ದ ಹೆಂಗಸರಲ್ಲಿ ಯಾರೋ, "ಗಂಡನ್ನ ಮಣ್ಣಿಗಿಟ್ಟು ಬೂಟು ಹಾಕ್ಕೊಂಡು ತಿರಗ್ತಾಳೇನವ್ವಾ?" ಎಂದರು. ಅವಳು ಬೂಟುಗಳನ್ನು ಅಲ್ಲಿಯೇ ಬಿಟ್ಟಳು.

ನಾಸಿಕದ ಮನೆಯಲ್ಲಿ ಅಡಿಗೆ, ಆರೈಕೆ ಎಲ್ಲ ಸೊಸೆ ರೂಪಾಳದು. ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಚಿಕ್ಕತ್ತೆ ಮನೆಗೆ ಬಂದದ್ದು ಅವಳಿಗೂ ಸಮಾಧಾನವೇ. ಒಂದು ವಾರ ಕಳೆದ ಮೇಲೆ ನಾಗಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು:

"ಭಾವಾರ, ಮುಂಜಾನಿ ಜರಾ ಗಾರ್ಡನ್‌ತನಕ ನಡದು ಬರ್ಲೇನ್ರಿ? ರೂಪಾ ಸಂಗಟ ಬರ್ತಾಳ."

"ಏನವ್ವಾ ನಾಗಮ್ಮ, ಇನ್ನೂ ಆ ಹುಚ್ಚು ಬಿಟ್ಟಿಲ್ಲೇನು? ಒಬ್ಬನ್ನ ನುಂಗಿದ್ದು ಸಾಲಲಿಲ್ಲೇನು?"

"ಬರೇ ನಡಿಯೂದ್ರಿ."

"ಜನ ಏನಂತಾರ?"

"ನಮ್ಮೊಳಗ ಸೂತಕಿಲ್ಲಂತ ನೀವೇ ಹೇಳ್ತೀರಲ್ರಿ."

"ಸೂತಕಿಲ್ಲ, ಖರೆ. ನಾಚಿಕಿ ಅದನಲ್ಲ."

ನಾಗಮ್ಮ ಮತ್ತೆ ಕೇಳಲಿಲ್ಲ.

ಮನೆಗೆ ಬಂಧುಗಳು ಬರತೊಡಗಿದರು. ಸಾವಾದ ಮನೆಗೆ ಬುತ್ತಿ ತರುವುದು ಬೀದರ ಕಲಬುರಗಿ ಕಡೆಯವರ ರೂಢಿ. ದುಃಖದಲ್ಲಿದ್ದವರು ಒಲೆ ಹಚ್ಚಬಾರದು ಎಂದು ಒಂದೊಂದು ಮನೆಯವರು ಒಂದೊಂದು ದಿನ ಅಡಿಗೆ ಮಾಡಿ ತಂದು, ಎದುರಿಗೆ ಕೂರಿಸಿಕೊಂಡು, ಮೊದಲ ತುತ್ತನ್ನು ತಮ್ಮ ಕೈಯಿಂದಲೇ ಉಣಿಸುವರು. ಕಹಿಯಾದ ಬಾಯಿಗೆ ಸಿಹಿ ಹಚ್ಚಬೇಕೆಂದು ಬುತ್ತಿಯಲ್ಲಿ ಹೋಳಿಗೆಯೋ ಹುಗ್ಗಿಯೋ ಇದ್ದೇ ಇರುವುದು. ಒಲ್ಲೆನೆಂದರೆ ತಂದವರಿಗಲ್ಲ, ಸತ್ತವನಿಗೇ ಅವಮಾನ. ಊರಿನಲ್ಲಿ ಇದು ಕೆಲವು ದಿನಗಳಲ್ಲಿ ಮುಗಿಯುತ್ತದೆ. ಇಲ್ಲಿ ನಾಸಿಕ, ಅಂಬಡ, ಪಿಂಪಳಗಾಂವ್ ಎಂದು ಚದುರಿಹೋದ ಬಂಧುಗಳು ರಜೆ ಸಿಕ್ಕಾಗ ಒಬ್ಬರಾದ ಮೇಲೊಬ್ಬರು ಬಂದರು. ಬುತ್ತಿ ಮುಗಿಯಲೇ ಇಲ್ಲ.

ಅವರಲ್ಲಿ ದೂರದ ಸಂಬಂಧದ ರೇಷ್ಮಾ ಬಹಳ ಅಂತಃಕರಣದ ಹೆಂಗಸು. ಮೂರು ಖಾನೆಯ ಡಬ್ಬಿ ಹಿಡಿದು ಬಂದರೆ ನಾಗಮ್ಮನ ತಟ್ಟೆ ತುಂಬುವವರೆಗೆ ಬಿಡುವವಳಲ್ಲ.

"ಸಾಕ್ರಿ ವೈನಿ, ನನಗ ಸಕ್ಕರಿ ಅದ" ಎಂದು ನಾಗಮ್ಮ ಬೇಡುವಳು.

"ಅಯ್ಯ, ಇದರಾಗ ಸಕ್ಕರಿ ಎಲ್ಲಿ ಅದ? ಬೆಲ್ಲ ಹಾಕೀನಿ. ಬೆಲ್ಲ ಏನೂ ಮಾಡಂಗಿಲ್ಲ. ರೇವಣ್ಣನ ಹೆಸರಿಲೆ ಇದೊಂದು ಹೋಳಿಗಿ. ತಿನ್ರಿ, ಇಲ್ಲಂದ್ರ ನಾ ಇಲ್ಲೇ ಅಳ್ತೀನಿ ನೋಡ್ರಿ."

ರೂಪಾ ತಡೆಯಲು ಹೋದಳು. "ಮಾವಾರ, ಸಣ್ಣತ್ತಿಗಿ ರಾತ್ರಿ ನಾಕ್ನಾಕು ಸರ್ತಿ ಎಚ್ಚರಾಗ್ಲತ್ತದ. ನೀರಡಿಕಿ ಅಂತಾರ, ಕಣ್ಣು ಮಂಜಾಗ್ಯಾವಂತಾರ. ಶುಗರ್ ಏರಿರಬೇಕ್ರಿ. ನೀವು ಒಂದು ಮಾತು ಹೇಳಿದ್ರ ಮಂದಿ ಕೇಳ್ತಾರ."

"ಅತ್ತು ಅತ್ತು ಕಣ್ಣು ಮಂಜಾಗ್ಯಾವ. ಹೋದವನ ಹೆಸರಿಲೆ ಬಂದ ಅನ್ನ ಅದು, ಪ್ರಸಾದ ಅದ. ಪ್ರಸಾದದಿಂದ ರೋಗ ಬರಂಗಿಲ್ಲ."

"ದೇವರಿಗಿ ಗೊತ್ತದ್ರಿ ಅದು ಪ್ರಸಾದಂತ. ಹೊಟ್ಟಿಗಿ ಹ್ಯಾಂಗ ಗೊತ್ತಾಗ್ತದ?"

"ರೂಪಾ!" ಎಂದು ಓಂಕಾರ ಗದರಿದ. ಆದರೆ ಅವನ ದನಿಯಲ್ಲಿ ಬಲವಿರಲಿಲ್ಲ. ಮರುದಿನ ಅವನೇ ತಂದೆಗೆ, "ಅಪ್ಪಾ, ಕಾಕೂನ್ನ ಒಮ್ಮೆ ಡಾಕ್ಟರ್‌ಗಿ ತೋರಿಸೋಣ" ಎಂದ. "ಗುಳಿಗಿ ತಗೋಳ್ಲತ್ತಾಳಲ್ಲ" ಎಂದು ವಿಶ್ವನಾಥಪ್ಪನವರು ಮಾತು ಮುಗಿಸಿದರು. ವೈದ್ಯರ ಹೆಸರು ತೆಗೆದರೆ ಅವರಿಗೆ ತಮ್ಮನ ಮುಖ ಕಣ್ಣ ಮುಂದೆ ಬರುತ್ತಿತ್ತು. ದೇವರಲ್ಲಿ ಬೇಡಿಕೊಳ್ಳುವುದು ಅದಕ್ಕಿಂತ ಹಗುರಾಗಿ ಕಾಣುತ್ತಿತ್ತು.

ಹಾಗೆಯೇ ಒಂದು ಸೋಮವಾರ, ರೇವಣಪ್ಪನ ಆತ್ಮಕ್ಕೆ ಶಾಂತಿ ಕೋರಲು, ಊರಾಚೆಯ ಗುಡ್ಡದ ಮೇಲಿನ ಶಿವಾಲಯಕ್ಕೆ ಅವಳನ್ನು ಕರೆದುಕೊಂಡು ಹೋದರು. ಚೈತ್ರದ ಬಿಸಿಲು. ಕೆಳಗೇ ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ಹತ್ತಬೇಕು. ಮೇಲೆ ಗುಡಿಯ ಸುತ್ತಲೂ ಕಪ್ಪು ಕಲ್ಲು. ವಿಶ್ವನಾಥಪ್ಪನವರು ಕಾಲು ಸುಡುತ್ತದೆಂದು ನೆರಳು ಹುಡುಕಿ ಹುಡುಕಿ ಹೆಜ್ಜೆ ಇಟ್ಟರು. ನಾಗಮ್ಮ ಮಾತ್ರ ಬಿಸಿಲಿನಲ್ಲಿಯೇ ಮೆಲ್ಲಗೆ, ಸರಾಗವಾಗಿ ಪ್ರದಕ್ಷಿಣೆ ಬಂದಳು. "ಕಾಲು ಸುಡ್ಲತ್ತಿಲ್ಲೇನವ್ವಾ?" ಎಂದು ಕೇಳಿದಾಗ, "ಇಲ್ರಿ, ತಣ್ಣಗದ" ಎಂದಳು. ಶಿವನ ಮೇಲಿನ ಭಕ್ತಿ ಎಂಥದ್ದು ಎಂದು ಅವರ ಕಣ್ಣು ತುಂಬಿತು.

ಎರಡು ದಿನದ ಮೇಲೆ ರೂಪಾ ನೆಲ ಒರೆಸುತ್ತಿದ್ದಳು. ಬಿಳಿಯ ಫರಸಿಯ ಮೇಲೆ ಅಡಿಗೆಮನೆಯಿಂದ ದೇವರಕೋಣೆಯವರೆಗೆ ಒದ್ದೆಯಾದ, ಹಳದಿ ಬಣ್ಣದ ಕಲೆಗಳು ಒಂದರ ಮುಂದೊಂದು ಮೂಡಿದ್ದವು. ಅವಳು ಓಡಿಹೋಗಿ ನಾಗಮ್ಮನ ಸೀರೆಯ ಅಂಚು ಎತ್ತಿ ನೋಡಿದಳು. ಬಲಗಾಲಿನ ಅಂಗಾಲು ಬೊಬ್ಬೆಯೆದ್ದು ಒಡೆದು, ಚರ್ಮ ಸುಲಿದಿತ್ತು. ಕಿರುಬೆರಳು ಕಪ್ಪಾಗಿತ್ತು.

"ಅಯ್ಯಯ್ಯ, ಇದೇನ್ರಿ ಸಣ್ಣತ್ತಿ! ಹೇಳಬಾರದೇನ್ರಿ?"

ನಾಗಮ್ಮ ಬಾಗಿ ತನ್ನ ಕಾಲನ್ನು ನೋಡಿ, ಅದು ಬೇರೆ ಯಾರದೋ ಎಂಬಂತೆ ಬೆರಗಾದಳು. "ನನಗ ಏನೂ ಆಗ್ಲತ್ತಿಲ್ಲವ್ವ. ನೋವೇ ಇಲ್ಲ." ಸ್ವಲ್ಪ ತಡೆದು ಹೇಳಿದಳು, "ಅಲಕಾಬಾಯಿ ದಿನಾ ಅಂಗಾಲು ನೋಡ್ಕೋರಿ ಅಂತಿದ್ರು. ಇಲ್ಲಿ ಬಂದ ಮ್ಯಾಲ ನಾ ನೋಡ್ಕೊಂಡೇ ಇಲ್ಲ."

ಆಸ್ಪತ್ರೆಯಲ್ಲಿ ನೋಡಿದವಳು ರುಚಿತಾ ಎಂಬ ತರುಣ ವೈದ್ಯೆ. ತಂದೆ ಕೇಂದ್ರ ಸರ್ಕಾರದ ನೌಕರಿಗೆಂದು ಕರ್ನಾಟಕದಿಂದ ಬಂದವರು, ಅವಳು ಬೆಳೆದದ್ದು ನಾಸಿಕದಲ್ಲಿ; ಅವಳ ಕನ್ನಡದಲ್ಲಿ ಮರಾಠಿ ಬೆರೆಯುತ್ತಿತ್ತು.

"ಕಾಕಾ, ನನಗೆ ಕನ್ನಡ ತಿಳಿತದೆ. ಮಾತು ಹಳೂ ಹಳೂ ಬರ್ತದೆ. ಇವರ ಜುನೇ, ಅಂದ್ರೆ ಹಳೇ ರಿಪೋರ್ಟ್ ಎಲ್ಲಾ ಛಾನ್ ಇದೆ, ಚೆನ್ನಾಗಿದೆ. ಇಷ್ಟರಲ್ಲೇ ಶುಗರ್ ಇಷ್ಟು ಹೇಗೆ ಏರ್ತು? ವ್ಯಾಯಾಮ ಬಿಟ್ರಾ?"

"ಬಿಡಿಸ್ಯಾರ" ಎಂದಳು ರೂಪಾ.

"ಶುಗರ್‌ದಿಂದ ಪಾಯದ, ಅಂದ್ರೆ ಕಾಲಿನ ನರ ಮೊದಲೇ ಬಿಘಡಿದೆ, ಕೆಟ್ಟಿದೆ. ಬಿಸಿ ಕಲ್ಲು ಅಂತ ಅವರಿಗೆ ಗೊತ್ತೇ ಆಗಲಿಲ್ಲ, ಕಾಕಾ. ಕಾಲಿನ ಸುದ್ದಿ ತಲೆಗೆ ಹೋಗೋದೇ ಇಲ್ಲ. ಊಟ ಏನು ಕೊಡ್ತಿದ್ರಿ?"

ವಿಶ್ವನಾಥಪ್ಪನವರು ಮುಂದೆ ಬಂದರು. "ಪ್ರಸಾದ" ಎಂದರು.

ಆ ಹುಡುಗಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಪ್ರಸಾದ ಅಂದ್ರೆ ಕೈಯಲ್ಲಿ ಸ್ವಲ್ಪ, ಹೌದಲ್ಲ? ಇವರಿಗೆ ಎಷ್ಟು ಕೊಟ್ರಿ?"

ಕಿರುಬೆರಳು ಉಳಿಯುವುದಿಲ್ಲ, ತೆಗೆಯಲೇಬೇಕು. ನಂಜು ಮೇಲೇರಿದರೆ ಪಾದವೂ ಹೋಗಬಹುದು ಎಂದು ವೈದ್ಯೆ ತಿಳಿಸಿದಳು. ಸಕ್ಕರೆ ಹತೋಟಿಗೆ ಬರುವುದೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಮಂಜುಶ್ರೀ ಕಲಬುರಗಿಯಿಂದ ಹೊರಟಿದ್ದಳು. ಅವಳು ಬರುವತನಕ ಕಾಯುವಂತಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಒಯ್ಯುವ ಮೊದಲು ನಾಗಮ್ಮ ಭಾವನನ್ನು ಕರೆಸಿದಳು. ಇಷ್ಟು ವರ್ಷಗಳಲ್ಲಿ ಅವರ ಎದುರು ಅವಳು ಸೆರಗು ಸರಿಪಡಿಸದೆ ಮಾತಾಡಿದವಳಲ್ಲ. ಇಂದು ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಮಲಗಿದ್ದಳು; ಸೆರಗೇ ಇರಲಿಲ್ಲ. ಅವರ ಮುಖವನ್ನು ನೇರವಾಗಿ ನೋಡಿದಳು.

"ಒಳಗ ಹೋಗೂದ್ಕಿಂತ ಮೊದಲ ಒಂದು ಮಾತು ಹೇಳ್ತೀನ್ರಿ ಭಾವಾರ. ಅವತ್ತು ನಿಮ್ಮ ತಮ್ಮ ವ್ಯಾಯಾಮ ಮಾಡಿದ್ದಿಲ್ಲ."

"ಏನಂದಿ?"

"ಹಿಂದಿನ ದಿನ ಒಬ್ಬರ ಮನಿ ವಾಸ್ತುಶಾಂತಿ ಇತ್ತು. ಊಟಕ್ಕ ಕುಂತಾಗ ಅವರಿಗಿ ಬೆವರು ಹರಿತು, ಗದ್ದ ಹಿಡೀತು. ದವಾಖಾನಿಗಿ ನಡೀರಿ ಅಂದೆ. ಪಿತ್ತ ಆಗ್ಯಾದ ಅಂದ್ರು. ಬಡಿಸವರು ಹುಗ್ಗಿ ಮ್ಯಾಲ ಹುಗ್ಗಿ ಸುರೂತಿದ್ರು. ಎಡಿ ಬಿಟ್ಟು ನಡಬರಕ ಏಳಬಾರದು, ಪ್ರಸಾದ ಚೆಲ್ಲಬಾರದು, ನಮ್ಮಣ್ಣ ಸಣ್ಣಾಂವ ಇದ್ದಾಗಿಂದ ಹಿಂಗೇ ಕಲಿಸ್ಯಾನ ಅಂತ ಹೇಳಿ, ಬೆವರು ಒರಸಿಕೋತ ಎಲ್ಲಾ ಉಂಡು ಎದ್ರು."

ವಿಶ್ವನಾಥಪ್ಪನವರು ಮಂಚದ ಕಂಬಿ ಹಿಡಿದರು.

"ಮರುದಿನ ಮಂಟಪಕ್ಕ ಹೋದ್ವಿ. ಅಲಕಾಬಾಯಿ ಇವರ ಮಾರಿ ನೋಡಿದಾಕಿನೇ, ನೀವು ಒಂದು ಕೈ ಸೈತ ಎತ್ತಬ್ಯಾಡ್ರಿ ಅಂತ ಕುರ್ಚಿ ಮ್ಯಾಲ ಕುಂಡ್ರಿಸಿ ಆಟೋ ಕರೆಸಿದ್ಲು. ಆಟೋದಾಗ ಒಂದು ಬಾಜೂಕ ನಾನು, ಒಂದು ಬಾಜೂಕ ಆಕಿ. ಜೀವ ಹೋಗೂ ಮುಂದ ಅವರ ತಲಿ ಆಕಿ ಹೆಗಲ ಮ್ಯಾಲಿತ್ತು. ಅಂಥಾಕಿಗಿ ನೀವು ಮಂದಿ ಮುಂದ ಕೊಲಿ ಮಾಡ್ದಿ ಅಂದ್ರಿ."

"ಯಾಕವ್ವಾ... ಆವಾಗೇ ಯಾಕ ಹೇಳಲಿಲ್ಲ?"

"ನೀವು ಅಳ್ಲತ್ತಿದ್ರಿ, ಭಾವಾರ. ನಾ ಈ ಮನಿಗಿ ಬಂದಾಗಿಂದ ನೀವು ಅತ್ತದ್ದು ನೋಡಿದ್ದೇ ಇಲ್ಲ. ಬಾಯಿ ಬರಲಿಲ್ಲ ನನಗ." ಅವಳು ಉಸಿರು ಎಳೆದುಕೊಂಡಳು. "ವರ್ಷದಾಗ ಅವರು ಎಷ್ಟು ಹಗುರಾಗಿದ್ರು ಗೊತ್ತೇನ್ರಿ? ತಮ್ಮ ಶುಗರ್ ಇಳಿದದ್ದು ಮಗಳಿಗಿ ಫೋನ್ ಮಾಡಿ ಹೇಳ್ತಿದ್ರು, ಹುಡುಗುರು ಪಾಸ್ ಆದಂಗ. ಒಂದೇ ದಿನ ಪಂಕ್ತಿ ಬಿಟ್ಟು ಎದ್ದಿದ್ರ ಉಳೀತಿದ್ರೋ ಏನೋ, ಶಿವಗೇ ಗೊತ್ತು. ನನ್ನ ಕಾಲು ಹೋದ್ರ ಹೋಗಲಿ. ಉಳದ್ರ ನಾ ನನ್ನ ಮನಿಗಿ ಹೋಗ್ತೀನಿ, ಮಂಟಪಕ್ಕ ಹೋಗ್ತೀನಿ. ಇನ್ನ ಬ್ಯಾಡ ಅನಬ್ಯಾಡ್ರಿ."

ಅವಳನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿತು.

ವಿಶ್ವನಾಥಪ್ಪನವರು ಹೊರಗಿನ ಬೆಂಚಿನ ಮೇಲೆ ಕುಳಿತರು. ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದರೂ ನಾಮ ಬಾಯಿಗೆ ಬರಲಿಲ್ಲ. ಊಟದ ಪಂಕ್ತಿಯಲ್ಲಿ ಬೆವರುತ್ತ ಕುಳಿತ ತಮ್ಮನೇ ಕಣ್ಣಿಗೆ ಕಟ್ಟಿದ. ಅನ್ನ ಚೆಲ್ಲಬಾರದೆಂದು ಕಲಿಸಿದ್ದು ತಪ್ಪೇ? ತಪ್ಪಲ್ಲ. ಆದರೆ ಚೆಲ್ಲಬಾರದ ಅನ್ನವನ್ನು ಬೇಡವೆಂದವನ ಎಲೆಗೆ ಸುರಿಯಬಾರದೆಂದು ಯಾರಿಗೂ ಕಲಿಸಿರಲಿಲ್ಲ. ಪಂಕ್ತಿಗಳಲ್ಲಿ ತಾವೂ ಸೌಟು ಹಿಡಿದು ಎಷ್ಟೋ ಜನರಿಗೆ ಹಾಗೆ ಸುರಿದವರೇ. ರೂಪಾ ಪಕ್ಕದಲ್ಲಿ ಬಂದು ಕುಳಿತಳು. ಗಟ್ಟಿಯಾಗಿ ಮಾತಾಡಬೇಕೆಂದು ಬಂದವಳು, ಮಾವನ ಮುಖ ನೋಡಿ ನೀರಿನ ಬಾಟಲಿ ಕೊಟ್ಟಳು.

ಬಹಳ ಹೊತ್ತಿನ ಮೇಲೆ ರುಚಿತಾ ಹೊರಗೆ ಬಂದಳು. ಬೆರಳು ಹೋಗಿತ್ತು. ಪಾದದ ಮಾತು ಈಗಲೇ ಹೇಳಲಾಗದು, ಕಾದು ನೋಡಬೇಕು ಎಂದಳು. ವಿಶ್ವನಾಥಪ್ಪನವರು ಎದ್ದು ನಿಂತು, ತೋಳು ಮೇಲೇರಿಸಿ, ಕೈಯನ್ನು ಅವಳ ಮುಂದೆ ಚಾಚಿದರು.

"ನನ್ನದೂ ನೋಡವ್ವಾ. ನಾ ಎಂದೂ ತೋರಿಸಿಲ್ಲ."

ಅವರ ರಕ್ತದಲ್ಲೂ ಸಕ್ಕರೆ ಏರಿಯೇ ಇತ್ತು.

ಮರುದಿನ ರೇಷ್ಮಾ ಡಬ್ಬಿಯೊಂದಿಗೆ ಆಸ್ಪತ್ರೆಗೆ ಬಂದಳು. ಬಾಗಿಲಲ್ಲಿಯೇ ವಿಶ್ವನಾಥಪ್ಪನವರು ಅಡ್ಡ ನಿಂತರು.

"ತಂಗಿ, ಡಬ್ಬಿ ಒಳಗ ಒಯ್ಯಬ್ಯಾಡ."

"ಅಣ್ಣಾರ! ಬುತ್ತಿ ಹೊಳ್ಳಿ ಒಯ್ಯಬಾರದ್ರಿ. ಅಪಶಕುನ."

"ನಿನ್ನ ಬುತ್ತಿ ನನಗ ಮುಟ್ಟಿತು ಅಂತ ತಿಳ್ಕೋ. ಆಕಿಗಿ ಮುಟ್ಟಬಾರದು."

"ನಾ ಏನು ವಿಷ ತಂದೀನೇನ್ರಿ? ಮುಂಜಾನಿ ಎದ್ದು ಮಡಿಲೆ ಮಾಡೀನಿ!" ರೇಷ್ಮಾಳ ಕಣ್ಣು ತುಂಬಿತು.

"ಇಲ್ಲವ್ವಾ. ಮಾಯಾ ತಂದಿದಿ, ಪ್ರೀತಿ ತಂದಿದಿ. ನಾನೂ ಅದನ್ನೇ ಹಾಕೀನಿ ಆಕಿ ತಾಟಿಗಿ. ಒಳಗ ಹೋಗಿ ಆಕಿ ಕಾಲು ನೋಡಿ ಬಾ, ಆಮ್ಯಾಲ ನನ್ನ ಬೈಯಿ."

ರೇಷ್ಮಾ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು. ಮರುದಿನ ಜೋಳದ ರೊಟ್ಟಿ, ಪುಂಡಿ ಪಲ್ಯ ತಂದಳು, ಅದನ್ನೂ ಮೊದಲು ರೂಪಾಳಿಗೆ ತೋರಿಸಿ, "ಇದು ನಡೀತದೇನವ್ವಾ ಡಾಕ್ಟರಬಾಯಿ?" ಎಂದು ಸ್ವಲ್ಪ ಕೊಂಕು ನುಡಿದೇ ಒಳಗೆ ಹೋದಳು.

ನಾಗಮ್ಮನ ಪಾದ ಉಳಿಯಿತು. ಗಾಯ ಮಾಯಲು ಮಳೆಗಾಲವೇ ಹಿಡಿಯಿತು. ಆಮೇಲೆ ವಿಶ್ವನಾಥಪ್ಪನವರೇ ಅವಳನ್ನು ಸಂಭಾಜಿನಗರದ ಅವಳ ಮನೆಗೆ ಕರೆತಂದರು. ಇಷ್ಟು ದಿನ ಮುಂದಕ್ಕೆ ಹಾಕಿದ್ದ ರೇವಣಪ್ಪನ ಗಣಾರಾಧನೆಯನ್ನು, ಹೋದವನ ಹೆಸರಿನ ಪೂಜೆ ಪಂಕ್ತಿಯನ್ನು, ಮಂಟಪದಲ್ಲಿ ಮಾಡುವುದೆಂದು ಗೊತ್ತಾಯಿತು. ಅಡಿಗೆಯ ಮಾತು ಬಂದಾಗ ಸೋಮಲಿಂಗ ಎಗರಿ ಬಿದ್ದ.

"ರೊಟ್ಟಿ, ಕಾಳುಪಲ್ಯ, ಮಜ್ಜಿಗಿ? ಅಣ್ಣಾರ, ಇದು ಆರಾಧನಿನೋ ದವಾಖಾನಿ ಊಟನೋ? ಹುಗ್ಗಿ ಇಲ್ಲಂದ್ರ ಮಂದಿ ಉಗುಳ್ತಾರ. ತ‌ಮ್ಮನ ಆರಾಧನಿಗಿ ಕೈ ಹಿಡದಾನ ಅಂತಾರ."

"ಹುಗ್ಗಿ ಮಾಡಿಸು. ದೇವರಿಗಿ ಎಡಿ ಇಡು. ಎಲ್ಲಾರ ಕೈಯಾಗ ಒಂದೊಂದು ಚಮಚಾ ಪ್ರಸಾದ. ಹೊಟ್ಟಿ ತುಂಬೂದಕ್ಕ ರೊಟ್ಟಿ."

"ಮತ್ತ ಯಾರರ ಕೇಳಿದ್ರ?"

"ಕೇಳಿದವರಿಗಿ ಹಾಕು. ಬ್ಯಾಡ ಅಂದವರಿಗಿ ಸೌಟು ತೋರಿಸಬ್ಯಾಡ. ಬಡಿಸೂದು ನಾನೇ. ಉಗುಳವರು ನನ್ನ ಮ್ಯಾಲ ಉಗುಳಲಿ."

ಆ ಸಂಜೆ ಅವರು ಅಲಕಾ ಅವರ ಮನೆಗೆ ಹೋದರು. ಅಲಕಾ ಬಾಗಿಲು ತೆರೆದು ನಿಂತರು. ಒಳಗೆ ಬನ್ನಿ ಎನ್ನಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ವಿಶ್ವನಾಥಪ್ಪನವರಿಗೆ ಮರೆತುಹೋದವು.

"ನಾಳಿ ಮುಂಜಾನಿ ಮಂಟಪಕ್ಕ ಬರ್ರಿ. ನಾನೂ ಬರ್ತೀನಿ, ಕಲೀಲಿಕ್ಕ."

"ಸಂತೀ ಪ್ಯಾಟ್ಯಾಗ ಜನ ನನ್ನ ನೋಡಿ ಗುಸುಗುಸು ಮಾತಾಡ್ತಾರ, ಗೊತ್ತೇನ್ರಿ ನಿಮಗ? ಮತ್ತ ಯಾರಿಗರೆ ಏನರೆ ಆದ್ರ?"

"ಆದ್ರ ನಾ ನಿಮ್ಮ ಬಾಜೂಕ ನಿಲ್ತೀನಿ. ಅವತ್ತು ನಿಲ್ಲಬೇಕಾಗಿತ್ತು."

ಅಲಕಾ ಬಾಗಿಲ ಚಿಲಕದಿಂದ ಕೈ ತೆಗೆದರು. "ಡಾಕ್ಟರ್‌ಗೆ ತೋರಿಸದ ಯಾರನ್ನೂ ನಾನು ವ್ಯಾಯಾಮಕ್ಕ ನಿಲ್ಲಿಸೂದಿಲ್ಲ. ನೀವು ಹಿರಿಯರು ಅಂತ ನಿಮಗೂ ಬಿಡೂದಿಲ್ಲ."

"ತೋರಿಸೀನ್ರಿ" ಎಂದರು ಅವರು, ತಲೆ ತಗ್ಗಿಸಿ.

ಬೆಳಿಗ್ಗೆ ಹಳೆಯ ಕೂಟದವರೆಲ್ಲ ಬಂದರು. ಅವರಲ್ಲೊಬ್ಬ, ಹರಿದಾಸ, ವಿಶ್ವನಾಥಪ್ಪನವರನ್ನು ನೋಡಿ, "ಬರ್ರಿ ಯಜಮಾನ್ರ. ನೀವು ಮಂಟಪ ಬಂದ್ ಮಾಡಿದ್ರಿ, ನನ್ನ ಪ್ಯಾಂಟು ಬಂದ್ ಆಗವಲ್ದು ಈಗ" ಎಂದ. ಒಬ್ಬಿಬ್ಬರು ನಕ್ಕರು. ಕೆಲವರು ನಗಲಿಲ್ಲ. ವಿಶ್ವನಾಥಪ್ಪನವರು ಅದನ್ನೂ ನುಂಗಿಕೊಂಡರು. ಆಮೇಲೆ ನಾಗಮ್ಮ, ಆಸ್ಪತ್ರೆಯವರು ಅಳತೆ ಕೊಟ್ಟು ಮಾಡಿಸಿದ ಪಾದರಕ್ಷೆಯಲ್ಲಿ, ಕೋಲೂರಿ, ಮಗಳ ತೋಳು ಹಿಡಿದು ನಿಧಾನವಾಗಿ ಒಳಗೆ ಬಂದಳು. ಎಲ್ಲರೂ ಎದ್ದು ನಿಂತರು. ಅಲಕಾ ಹೋಗಿ ಅವಳನ್ನು ಅಪ್ಪಿಕೊಂಡರು.

"ನಿಂತು ಮಾಡೂದು ಬ್ಯಾಡ. ಕುಂತೇ ಮಾಡೋಣ" ಎಂದರು ಅಲಕಾ. "ಯಜಮಾನ್ರ, ನೀವೂ ಕುಂದರ್ರಿ. ಸುರು ಮಾಡೂದ್ಕಿಂತ ಮೊದಲ ರೇವಣಪ್ಪನವರಿಗೆ ಒಂದು ಪ್ರಾರ್ಥನಾ ಆಗಲಿ. ನೀವೇ ಹೇಳ್ರಿ."

ವಿಶ್ವನಾಥಪ್ಪನವರು ನಾಗಮ್ಮನ ಪಕ್ಕದ ಕುರ್ಚಿಯಿಂದ ಎದ್ದು ಗುಡಿಯ ಕಡೆಗೆ ತಿರುಗಿ ಕೈ ಮುಗಿದರು. ಇಷ್ಟು ತಿಂಗಳು ಬಾಯಿಗೆ ಬಾರದ ಮಾತು ಈಗ ತಾನಾಗಿ ಬಂತು.

"ಶಿವನೇ, ನನ್ನ ತಮ್ಮ ರೇವಣಪ್ಪ ನಿನ್ನ ಕಡಿ ಬಂದಾನ. ಸಿಟ್ಟು ಗೊತ್ತಿಲ್ಲದ ಜೀವ, ಯಾರಿಗೂ ಒಂದು ಮಾತು ಅಂದವನಲ್ಲ. ಅವನ ಎದಿ ನೋವು ಅಲ್ಲಿ ಇರದಂಗ ಮಾಡು. ಅವನು ಬಿಟ್ಟು ಹೋದವರನ್ನ ನಾವು ನೋಡ್ಕೋತೀವಿ, ನೀ ಅವನ್ನ ನೋಡ್ಕೋ. ನಿನ್ನ ಪಾದದ ನೆರಳಿನಾಗ ಅವಗ ಜಾಗ ಕೊಡು, ತಂದೀ. ಅವನ ಆತ್ಮಕ್ಕ ಶಾಂತಿ ಕೊಡು."